ಆನೆಯ ಎತ್ತರದ ಸೂರು

ನಮ್ಮ ಊರಿನ ಮೇಲೆ ಹಗಲಿಡೀ ಮರಳು ಸುರಿಯುತ್ತಿತ್ತು. ಮಳೆಯಲ್ಲ, ಮಂಜಲ್ಲ, ಮರಳು. ಎಲ್ಲಿಂದ ಬರುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ತಲೆಯೆತ್ತಿ ಕೇಳಿದವರಿಗೆ ಬಾಯಿ ತುಂಬ ಮರಳೇ ಉತ್ತರವಾಗಿ ಸಿಗುತ್ತಿತ್ತು. ಆದ್ದರಿಂದ ಊರಿಗೆಲ್ಲ ಸೇರಿ ಒಂದೇ ಒಂದು ಸೂರು ಇತ್ತು. ಮನೆಗೊಂದು ಸೀರೆ, ಮನೆಗೊಂದು ಪಂಚೆ ಕೊಟ್ಟು ಹೊಲಿದ ಬಟ್ಟೆಯ ಸೂರು. ಅದರ ಕೆಳಗೆ ನಮ್ಮ ಮನೆ, ನಮ್ಮ ಬಾವಿ, ನಮ್ಮ ಸಂತೆ, ನಮ್ಮ ಜಗಳ.

ಸೂರಿಗೆ ಕಂಬಗಳಿದ್ದವು. ಆದರೆ ಮರಳಿನ ನೆಲದಲ್ಲಿ ನೆಟ್ಟ ಕಂಬ ನಿಲ್ಲುವುದಿಲ್ಲ. ಹಾಗಾಗಿ ಒಂದೊಂದು ಕಂಬಕ್ಕೂ ಒಬ್ಬೊಬ್ಬರು ಬೇಕು. ಮೀಸೆ ಮೂಡಿದ ಹುಡುಗರು, ಜಡೆ ಸೊಂಟ ಮುಟ್ಟಿದ ಹುಡುಗಿಯರು ಬೆಳಿಗ್ಗೆ ಶಂಖ ಊದಿದ ಕೂಡಲೇ ಕಂಬ ಎತ್ತಿ ನಿಲ್ಲುತ್ತಿದ್ದರು. ಸಂಜೆ ಮರಳು ನಿಂತ ಮೇಲೆ ಸೂರನ್ನು ಇಳಿಸಿ, ಜಾಡಿಸಿ, ಮಡಚಿಡುತ್ತಿದ್ದರು. ತಲೆಯಲ್ಲಿ ಮೊದಲ ನರೆ ಕಂಡ ದಿನ ಕಂಬ ಕೆಳಗಿಟ್ಟು ಮನೆಗೆ ಹೋಗಬಹುದಿತ್ತು. ನಮ್ಮಲ್ಲಿ ನರೆಗೂದಲಿಗೆ ಆರತಿ ಎತ್ತುತ್ತಿದ್ದರು ಎಂದರೆ ಉಳಿದದ್ದು ನಿಮಗೇ ಅರ್ಥವಾದೀತು.

ಸೂರಿನ ಎತ್ತರಕ್ಕೂ ಒಂದು ಕಟ್ಟಳೆ ಇತ್ತು. ಆನೆಯ ಮೇಲೆ ಕೂತು ಬಂದವನ ತಲೆಗೆ ಸೂರು ತಾಗಬಾರದು. ಊರಿಗೆ ಆನೆ ಬಂದದ್ದನ್ನು ಕಂಡವರಿಲ್ಲ. ಕಂಡವರನ್ನು ಕಂಡವರೂ ಇಲ್ಲ. ಆದರೂ ಸೂರು ಒಂದು ಬೆರಳಿನಷ್ಟು ಇಳಿದರೆ ಊರಿನ ಮಾನವೇ ಇಳಿಯಿತೆಂದು ಹಿರಿಯರು ಹೇಳುತ್ತಿದ್ದರು. ಅಷ್ಟು ಎತ್ತರದ ಕಂಬವನ್ನು ಎತ್ತುವುದು ಮುದುಕರಿಂದ, ಮಕ್ಕಳಿಂದ ಆಗುವ ಮಾತಲ್ಲ. ಅವರು ಕೆಳಗೆ ಕೂತು ನೋಡುತ್ತಿದ್ದರು.

ಕಂಬ ಬಿಡಬೇಕಾದರೆ ಗಾಯ ತೋರಿಸಬೇಕು. ಊರ ನಡುವೆ ಮಣೆ ಹಾಕಿ ಕೂತ ಒಬ್ಬ ಹಿರಿಯನಿದ್ದ, ಗಾಯ ನೋಡುವ ಹಿರಿಯ. ಮುರಿದ ಕಾಲು, ಸೀಳಿದ ಅಂಗೈ, ಸುಡುವ ಹಣೆ ತೋರಿಸಿದರೆ ಅವನು ಹೂಂ, ಹೋಗು ಎಂದು ತಲೆಯಾಡಿಸುತ್ತಿದ್ದ. ಮುಟ್ಟಿ ನೋಡದೆ ಒಬ್ಬರನ್ನೂ ಬಿಡುತ್ತಿರಲಿಲ್ಲ. ತನ್ನ ಬೆರಳ ತುದಿಯಲ್ಲಿ ಧರ್ಮ ಕೂತಿದೆ ಎಂದು ಅವನು ನಂಬಿದ್ದ; ನಾವೂ ನಂಬಿದ್ದೆವು.

ಆದರೆ ಒಂದು ಕಾಯಿಲೆಗೆ ಗಾಯ ಇರಲಿಲ್ಲ. ಕಂಬ ಹಿಡಿದು ಹಿಡಿದು ಕೆಲವರಿಗೆ ಒಳಗೂ ಮರಳು ಬೀಳತೊಡಗುತ್ತಿತ್ತು. ಹೊರಗಿನದಕ್ಕೆ ಸೂರಿದೆ, ಒಳಗಿನದಕ್ಕೆ ಏನಿದೆ? ಮೊದಲು ನಿದ್ದೆ ಹೋಗುತ್ತಿತ್ತು. ಆಮೇಲೆ ನಾಲಿಗೆಯ ರುಚಿ ಹೋಗುತ್ತಿತ್ತು. ಕೊನೆಗೆ ಯಾರಾದರೂ ಹೆಸರು ಹಿಡಿದು ಕರೆದರೆ ಅದು ತನ್ನ ಹೆಸರೆಂಬ ಅರಿವೇ ಹೋಗುತ್ತಿತ್ತು. ಕೈ ಮಾತ್ರ ಕಂಬದ ಮೇಲೆ ಇರುತ್ತಿತ್ತು.

ಊರಿನಲ್ಲಿ ಎರಡು ಮಾತಿನವರಿದ್ದೆವು. ಮೂಡಣ ಸಾಲಿನವರ ಮಾತು ಬೇರೆ, ಪಡುವಣ ಸಾಲಿನವರಾದ ನಮ್ಮ ಮಾತು ಬೇರೆ. ಒಬ್ಬರ ಮಾತು ಇನ್ನೊಬ್ಬರಿಗೆ ವ್ಯಾಪಾರಕ್ಕೆ ಸಾಲುವಷ್ಟು ಬರುತ್ತಿತ್ತು, ಜಗಳಕ್ಕೆ ಸಾಲುವಷ್ಟೂ ಬರುತ್ತಿತ್ತು. ಅಳುವುದಕ್ಕೆ ಸಾಲುವಷ್ಟು ಬರುತ್ತಿರಲಿಲ್ಲ.

ಮೂಡಣದವರಿಗೆ ನಾಚಿಕೆ ಕಡಿಮೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಅವರಲ್ಲಿ ಯಾರಿಗಾದರೂ ಒಳಗೆ ಮರಳು ಬಿದ್ದರೆ ಅವರು ಮರಳು ಎತ್ತುವ ಬುಟ್ಟಿಯನ್ನು ಕಂಬದ ಬುಡದಲ್ಲಿ ಬೋರಲು ಹಾಕಿ ಅದರ ಮೇಲೆ ಕೂತುಬಿಡುತ್ತಿದ್ದರು. ಅಕ್ಕಪಕ್ಕದವರು ಆ ಕಂಬಕ್ಕೂ ಒಂದೊಂದು ತೋಳು ಕೊಡುತ್ತಿದ್ದರು. ಅತ್ತೆಯೋ ಅಜ್ಜಿಯೋ ಬಂದು ಕೂತವರ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ, ಬೆನ್ನಿಗೆ ಬೆನ್ನು. ಅವರಲ್ಲಿ ಸುಮ್ಮಸುಮ್ಮನೆ ಬುಟ್ಟಿ ಬೋರಲು ಹಾಕುವವರು ಇರಲಿಲ್ಲವೆಂದಲ್ಲ, ಇದ್ದರು. ಆದರೆ ಬೆನ್ನು ಕೊಟ್ಟವಳಿಗೆ ಉಸಿರಿನಲ್ಲೇ ಗೊತ್ತಾಗಿ, ಮೊಣಕೈಯಿಂದ ತಿವಿದು ಎಬ್ಬಿಸುತ್ತಿದ್ದಳು.

ಮೂಡಣದವರು ಗದ್ದಲ ಮಾಡಿ ಮಾಡಿ ಕೊನೆಗೆ ಗಾಯ ನೋಡುವ ಹಿರಿಯನೂ ಒಳಗಿನ ಮರಳನ್ನು ಕಾಯಿಲೆಯೆಂದು ಒಪ್ಪಬೇಕಾಯಿತು. ಒಪ್ಪಿದ, ಆದರೆ ಒಂದು ಕೊಕ್ಕೆ ಹಾಕಿದ. ಎದುರಿಗೆ ಎರಡು ಮಣ್ಣಿನ ಕೊಡ ಇಡಿಸಿದ, ಮೂಡಣಕ್ಕೊಂದು, ಪಡುವಣಕ್ಕೊಂದು. ಒಳಗಿನ ಮರಳಿಗೆಂದು ಕಂಬ ಬಿಟ್ಟವರು ಎಲ್ಲರೆದುರು ತಮ್ಮ ಸಾಲಿನ ಕೊಡಕ್ಕೆ ಒಂದು ಕಲ್ಲು ಹಾಕಬೇಕು. ಮೂಡಣದ ಕೊಡ ತುಂಬುತ್ತ ಬಂತು. ನಮ್ಮ ಕೊಡ ಖಾಲಿಯೇ ಉಳಿಯಿತು.

ನಮಗೆ ಹೆಮ್ಮೆಯೋ ಹೆಮ್ಮೆ. ಪ್ರತಿ ಹುಣ್ಣಿಮೆಗೆ ಆ ಬರಿಗೊಡಕ್ಕೆ ಅರಿಶಿನ ಕುಂಕುಮ ಹಚ್ಚಿ, ನಮ್ಮಲ್ಲೊಬ್ಬ ತಾಯಿಯ ತಲೆಯ ಮೇಲಿಟ್ಟು, ಹಗಲು ಹೊತ್ತಿನಲ್ಲೇ ಮೆರವಣಿಗೆ ಮಾಡುತ್ತಿದ್ದೆವು. ಏನೂ ಇಲ್ಲದ ಕೊಡವನ್ನು ಅಷ್ಟು ಜೋಪಾನವಾಗಿ ಹೊತ್ತ ಜನ ಇನ್ನೊಂದು ಊರಿನಲ್ಲಿ ಇರಲಾರರು.

ಕೊಡ ಏಕೆ ಖಾಲಿ ಉಳಿಯಿತೆಂದರೆ, ನಮ್ಮಲ್ಲೊಂದು ಪದ್ಧತಿ ಇತ್ತು. ಬೆಳಿಗ್ಗೆ ತಾಯಂದಿರು ಮಕ್ಕಳ ಜೊತೆ ಕಂಬದವರೆಗೆ ಬಂದು, ತಮ್ಮ ಹಳೆಯ ಸೀರೆಯ ಅಂಚಿನಿಂದ ಮಕ್ಕಳನ್ನು ಕಂಬಕ್ಕೆ ಕಟ್ಟುತ್ತಿದ್ದರು. ಎದೆಗೊಂದು ಸುತ್ತು, ಸೊಂಟಕ್ಕೊಂದು ಸುತ್ತು, ಬೆನ್ನ ಹಿಂದೆ ಗಂಟು. ತಾಯಿ ಕಟ್ಟಿದ ಗಂಟನ್ನು ತಾಯಿಯೇ ಬಿಚ್ಚಬೇಕು, ಬೇರೆಯವರು ಮುಟ್ಟಿದರೆ ಮನೆತನಕ್ಕೆ ಮೈಲಿಗೆ. ಕಟ್ಟಿದವರು ಜೋಲಿ ಹೊಡೆಯುವುದಿಲ್ಲ. ಕಟ್ಟಿದವರು ಕೂರುವುದಿಲ್ಲ. ಕಟ್ಟಿದವರ ಕಂಬ ನೆಟ್ಟಗೇ ಇರುತ್ತದೆ, ಮತ್ತು ನಾವು ನೋಡುತ್ತಿದ್ದದ್ದು ಕಂಬಗಳನ್ನೇ.

ಪಡುವಣ ಸಾಲಿನ ಕೊನೆಯ ಕಂಬ ಒಬ್ಬ ತಾಯಿಯ ಮಗಳದ್ದಾಗಿತ್ತು. ಅವಳ ಪಕ್ಕದಲ್ಲೇ ಮೂಡಣ ಸಾಲು ಶುರುವಾಗುತ್ತಿತ್ತು. ಅಲ್ಲಿನ ಮೊದಲ ಕಂಬ ಒಬ್ಬ ಯುವಕನದು. ಅವನಿಗೂ ಇವಳಿಗೂ ನಡುವೆ ಒಂದು ತೋಳಿನಷ್ಟು ಜಾಗ.

ಮಗಳಿಗೆ ಒಳಗೆ ಮರಳು ಬೀಳತೊಡಗಿ ಬಹಳ ದಿನವಾಗಿತ್ತು. ತಾಯಿಗೆ ಗೊತ್ತಿರಲಿಲ್ಲವೇ? ಒಮ್ಮೆ ತಾಯಿ ಸಾರಿಗೆ ಉಪ್ಪು ಹಾಕಲು ಮರೆತಿದ್ದಳು. ಬಾಯಿಗಿಟ್ಟು ತಾನೇ ಮುಖ ಕಿವುಚಿದಳು. ಮಗಳು ತಟ್ಟೆಯಲ್ಲಿದ್ದುದನ್ನು ಒಂದು ಮಾತಾಡದೆ ಉಂಡು ಎದ್ದಳು. ತಾಯಿ ಬಾವಿಕಟ್ಟೆಯಲ್ಲಿ ಅದನ್ನೇ ಹೇಳಿಕೊಂಡು ಹಿಗ್ಗಿದಳು.

"ನನ್ನ ಮಗಳು ಕೊಂಕು ತೆಗೆಯೋಳೇ ಅಲ್ಲ ಕಣ್ರೀ. ಹಾಕಿದ್ದು ಉಣ್ತಾಳೆ, ಕಟ್ಟಿದ ಕಡೆ ನಿಲ್ತಾಳೆ."

ಹೆಂಗಸರು ತಲೆದೂಗಿದರು. ತಾಯಿಯ ನಾಲಿಗೆಯ ಮೇಲೆ ಮಾತ್ರ ಆ ಸಪ್ಪೆ ಸಾರು ಹಾಗೇ ಉಳಿದಿತ್ತು.

ಹುಣ್ಣಿಮೆಯ ಹಿಂದಿನ ಬೆಳಿಗ್ಗೆ ಕಂಬದ ಬಳಿ ಮಗಳು ತಿರುಗಿ ನಿಂತಳು.

"ಅಮ್ಮಾ, ಇವತ್ತೊಂದಿನ ಕಟ್ಟಬೇಡಮ್ಮ."

"ಯಾಕೆ, ಜ್ವರಾನಾ?" ತಾಯಿ ಹಣೆ ಮುಟ್ಟಿದಳು. ಕತ್ತು ಮುಟ್ಟಿದಳು. "ತಣ್ಣಗಿದೆಯಲ್ಲೇ."

"ಮುಟ್ಟಿದ್ರೆ ಗೊತ್ತಾಗಲ್ಲಮ್ಮ. ಒಳಗಿದೆ."

ತಾಯಿ ಆ ಕಡೆ ಈ ಕಡೆ ನೋಡಿದಳು. "ಮೆಲ್ಲಗೆ ಮಾತಾಡು, ಯಾರ ಕಿವಿಗಾದ್ರೂ ಬಿದ್ದೀತು. ನಾಳೆ ಒಂದು ದಿನ ಕಳೀಲಿ ತಾಯಿ. ಈ ಸಲ ಕೊಡ ನನ್ನ ತಲೆ ಮೇಲೆ ಬಂದಿದೆ. ನಿನ್ನ ಕಲ್ಲು ಬಿದ್ರೆ ನಾನು ಯಾವ ಮುಖ ಇಟ್ಕೊಂಡು ಅದನ್ನ ಹೊರಲಿ?"

"ನಾಳೆವರೆಗೆ ನಾನು ಇರ್ತೀನಾಮ್ಮ?"

"ಕಟ್ಟಿದ್ದೀನಲ್ಲ, ಎಲ್ಲಿಗೆ ಹೋಗ್ತೀಯ?" ಎಂದಳು ತಾಯಿ. ಎದೆಗೊಂದು ಸುತ್ತು, ಸೊಂಟಕ್ಕೊಂದು ಸುತ್ತು, ಬೆನ್ನ ಹಿಂದೆ ಗಂಟು.

ಪಕ್ಕದ ಕಂಬದ ಮೂಡಣದವನು ಇದನ್ನೆಲ್ಲ ನೋಡುತ್ತಿದ್ದ. ಅವನೂ ಹಿಂದೊಮ್ಮೆ ಬುಟ್ಟಿ ಬೋರಲು ಹಾಕಿ ಕೂತು ಎದ್ದವನು; ಆ ಕಣ್ಣು ಎಂಥದ್ದೆಂದು ಅವನಿಗೆ ಗೊತ್ತಿತ್ತು. ಆದರೆ ನಮ್ಮ ಮಾತಿನಲ್ಲಿ ಅವನಿಗೆ ಬರುತ್ತಿದ್ದದ್ದು ಸಂತೆಯ ಮಾತು ಮಾತ್ರ. ಅದರಲ್ಲೇ ಹುಡುಕಿ ಹುಡುಕಿ ಹೇಳಿದ.

"ನಿನ್ನ ಭಾರ... ಎಷ್ಟು? ಅರ್ಧ ನನಗೆ ಕೊಡು. ನಾನು ತಗೊಳ್ತೀನಿ."

ಮಗಳು ಅವನತ್ತ ನೋಡಿದಳು. ನಗಬೇಕೆನಿಸಿತು, ನಗು ಎಲ್ಲಿಂದ ಬರುತ್ತದೆಂಬುದು ನೆನಪಾಗಲಿಲ್ಲ.

"ನಮ್ಮ ಕೊಡ ದೊಡ್ಡದು," ಅಂದ ಅವನು. "ನಿನ್ನ ಕಲ್ಲು ಅಲ್ಲಿ ಹಾಕ್ತೀನಿ. ನನ್ನ ಹೆಸರಲ್ಲಿ. ಯಾರಿಗೂ ಗೊತ್ತಾಗಲ್ಲ. ಲುಕ್ಸಾನಿಲ್ಲ."

"ಗಂಟು," ಎಂದಳು ಮಗಳು. "ಅಮ್ಮಂದು."

ಅವನು ಕೈ ಚಾಚಿದ. ಗಂಟಿನ ಹತ್ತಿರ ಬಂದು ಕೈ ನಿಂತಿತು. ಮೂಡಣದವನು ಪಡುವಣದ ತಾಯಿಯ ಗಂಟು ಮುಟ್ಟಿದನೆಂದರೆ ಎರಡು ಸಾಲಿನ ನಡುವೆ ಕಂಬಗಳೇ ದೊಣ್ಣೆಗಳಾಗುತ್ತಿದ್ದವು. ಅವನು ಕೈ ಹಿಂದಕ್ಕೆ ಎಳೆದುಕೊಂಡ. ಅವತ್ತಿಡೀ ಒಂದು ತೋಳು ತನ್ನ ಕಂಬಕ್ಕೆ, ಇನ್ನೊಂದು ತೋಳು ಅವಳ ಕಂಬಕ್ಕೆ ಕೊಟ್ಟು ನಿಂತ. ನಮ್ಮವರು ನೋಡಿ, ಮೂಡಣದವನಿಗೆ ನೆಟ್ಟಗೆ ನಿಲ್ಲಲೂ ಬರುವುದಿಲ್ಲ, ನಮ್ಮ ಹುಡುಗಿಯ ಕಂಬಕ್ಕೆ ಒರಗಿದ್ದಾನೆ ಎಂದು ನಕ್ಕೆವು.

ಹುಣ್ಣಿಮೆಯ ಬೆಳಿಗ್ಗೆ ಶಂಖ ಊದಿದಾಗ ಗಾಳಿ ಇರಲಿಲ್ಲ. ಗಾಳಿ ಇಲ್ಲದ ದಿನವನ್ನು ನಾವು ಶುಭ ಎನ್ನುತ್ತಿದ್ದೆವು. ತಾಯಂದಿರು ಬಂದರು, ಕಟ್ಟಿದರು, ಹೋದರು. ಮಗಳು ಆ ಬೆಳಿಗ್ಗೆ ಕಟ್ಟಬೇಡವೆನ್ನಲಿಲ್ಲ. ಅದೇ ಒಳ್ಳೆಯದಾಯಿತೆಂದುಕೊಂಡು ತಾಯಿ ಬೇಗ ಬೇಗ ಹೋಗಿ ಮಡಿ ಸೀರೆ ಉಟ್ಟು ತಲೆಗೆ ಕೊಡ ಇಡಿಸಿಕೊಂಡಳು.

ಮೆರವಣಿಗೆ ಹೊತ್ತೇರಿದ ಮೇಲೆ ಪಡುವಣ ಸಾಲಿನ ಮೊದಲ ಕಂಬದಿಂದ, ಅಂದರೆ ತಲೆಗಂಬದಿಂದ, ಹೊರಡುತ್ತಿತ್ತು. ತಲೆಗಂಬ ಹಿಡಿದವನು ನಮ್ಮ ಸಾಲಿನ ಕಣ್ಮಣಿ. ಅವನು ಎಂದೂ ನೀರು ಕೇಳಿದವನಲ್ಲ, ಕಾಲು ಬದಲಿಸಿದವನಲ್ಲ. ಗಾಯ ನೋಡುವ ಹಿರಿಯ ಹಾರ ತಂದು ಅವನ ಕೊರಳಿಗೆ ಹಾಕಿದ. ಹಾಕುವಾಗ ಅವನ ತಲೆ ಮುಂದಕ್ಕೆ ಬಾಗಿತ್ತು. ನಾವು ಅದನ್ನು ವಿನಯ ಎಂದುಕೊಂಡೆವು.

"ನೋಡಿಕೊಳ್ಳಿ," ಎಂದ ಹಿರಿಯ, ಮೂಡಣದವರಿಗೂ ಕೇಳುವಂತೆ. "ಕಂಬ ಹಿಡಿಯೋದಂದ್ರೆ ಇದು. ಕೂದಲೆಳೆಯಷ್ಟೂ ಅಲುಗಾಡಿಲ್ಲ."

ತಮಟೆ ಬಡಿಯಿತು. ತಾಯಿ ಹೆಜ್ಜೆ ಇಟ್ಟಳು. ಬರಿಗೊಡ ಹಗುರವೆಂದು ಯಾರು ಹೇಳಿದರು? ಒಂದು ಕೈ ಕೊಡಕ್ಕೆ, ಒಂದು ಕೈ ನೆರಿಗೆಗೆ. ಅವಳ ಕಣ್ಣು ಮಾತ್ರ ಸಾಲಿನ ಕೊನೆಯಲ್ಲಿತ್ತು. ಕೊನೆಯ ಕಂಬ ನೆಟ್ಟಗಿತ್ತು. ನೆಟ್ಟಗಿದೆ ಎಂದು ಹೆಜ್ಜೆ ಹೆಜ್ಜೆಗೂ ಮನಸ್ಸಿನಲ್ಲೇ ಹೇಳಿಕೊಂಡಳು.

ಆಗ ಗಾಳಿ ಎದ್ದಿತು. ಸೂರು ಒಮ್ಮೆ ಉಬ್ಬಿತು, ಒಮ್ಮೆ ಕುಸಿಯಿತು. ಕಂಬ ಹಿಡಿದವರೆಲ್ಲ ಹಲ್ಲು ಕಚ್ಚಿದರು. ಗಾಳಿಗೆ ಸರಿಯಾಗಿ ಬಾಗಿ, ಗಾಳಿ ಸರಿದಾಗ ಏಳಬೇಕು. ಅದು ಕಂಬದ ಕೆಲಸವಲ್ಲ, ಹಿಡಿದವರ ಕೆಲಸ. ತಲೆಗಂಬ ಬಾಗಿತು. ಏಳಲಿಲ್ಲ. ಹಾರ ಹಾಕಿಕೊಂಡವನು ಕಂಬದ ಸಮೇತ ನೆಲಕ್ಕೆ ಬಿದ್ದ. ಬಿದ್ದವನು ಕೈ ಊರಲಿಲ್ಲ, ಅಯ್ಯೋ ಎನ್ನಲಿಲ್ಲ.

ಗಾಯ ನೋಡುವ ಹಿರಿಯ ಓಡಿಬಂದು ಮುಟ್ಟಿದ. ಹಣೆ ಮುಟ್ಟಿದ, ಎದೆ ಮುಟ್ಟಿದ, ಅಂಗೈ ಮುಟ್ಟಿದ. ಮೈ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ನಾವು ಹಾರ ಹಾಕಿದ್ದು ಯಾರಿಗೆ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಹಿರಿಯ ಎದ್ದು ನಿಂತ. ಅವನ ದನಿ ಒಡೆದಿತ್ತು, ಆದರೂ ಕೂಗಿದ. "ಗಾಳಿ ಬೀಳಿಸಿತು! ಗಂಟು ಸಡಿಲ ಇತ್ತು! ತಾಯಂದಿರೇ, ಹೋಗಿ, ಇನ್ನೊಂದೊಂದು ಗಂಟು ಹಾಕಿ. ಬಿಗಿಯಾಗಿ ಹಾಕಿ!"

ತಾಯಂದಿರು ಸೆರಗು ಹರಿದುಕೊಂಡು ಓಡಿದರು. ಕೊಡ ಹೊತ್ತ ತಾಯಿಯೂ ಓಡಿದಳು. ತಲೆಯ ಮೇಲಿನ ಕೊಡವನ್ನು ಒಂದು ಕೈಯಲ್ಲಿ ಹಿಡಿದೇ ಓಡಿದಳು, ಏಕೆಂದರೆ ಆ ಕೊಡ ಬಿದ್ದರೆ ಸಾಲಿನ ಮಾನ ಬಿದ್ದಂತೆ ಎಂದು ಹುಣ್ಣಿಮೆ ಹುಣ್ಣಿಮೆಗೂ ಕೇಳಿದ್ದಳು.

ಕೊನೆಯ ಕಂಬದಲ್ಲಿ ಮೂಡಣದವನು ಎರಡು ಕಂಬಗಳನ್ನೂ ತಬ್ಬಿ ನಿಂತಿದ್ದ. ಅವನ ಕೊರಳಿನ ನರಗಳು ಉಬ್ಬಿದ್ದವು. ಮಗಳು ಗಂಟಿನಲ್ಲಿ ನೇತಾಡುತ್ತಿದ್ದಳು. ಕಣ್ಣು ತೆರೆದಿತ್ತು. ರೆಪ್ಪೆಯ ಮೇಲೆ ಮರಳು ಕೂತಿತ್ತು, ರೆಪ್ಪೆ ಅದನ್ನು ಕೊಡವಿಕೊಳ್ಳುತ್ತಿರಲಿಲ್ಲ.

ತಾಯಿ ಮಗಳ ಹೆಸರು ಕೂಗಿದಳು. ಮಗಳು ಅತ್ತ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಅದು ಇನ್ಯಾರದ್ದೋ ಹೆಸರೆಂಬಂತೆ ಮಗಳ ಕಣ್ಣು ಎಲ್ಲೋ ಇತ್ತು. ತಾಯಿಯ ಬಿಡುವಿದ್ದ ಕೈ ಗಂಟಿನ ಮೇಲೆ ಹೋಗಿ ಕೂತಿತು. ಬಿಗಿಯುವುದೋ ಬಿಚ್ಚುವುದೋ, ಕೈಗೂ ಗೊತ್ತಿರಲಿಲ್ಲ.

ಮೂಡಣದವನಿಗೆ ಬೇಡಿಕೊಳ್ಳಬೇಕಿತ್ತು. ಬೇಡಿಕೊಳ್ಳುವ ಮಾತು ನಮ್ಮ ಭಾಷೆಯಲ್ಲಿ ಅವನಿಗೆ ಬರುತ್ತಿರಲಿಲ್ಲ. ಬರುತ್ತಿದ್ದ ಜಗಳದ ಮಾತನ್ನೇ ಅವನು ಕಣ್ಣೀರು ಸುರಿಸುತ್ತ ಕೂಗಿದ.

"ಏ ಮುದುಕೀ! ಕಣ್ಣಿಲ್ವಾ ನಿಂಗೆ? ತಲೆ ಕೆಟ್ಟಿದೆಯಾ? ಬಿಚ್ಚೇ! ಬಿಚ್ಚು!"

ತಾಯಿಯನ್ನು ಅವಳ ಜನ್ಮದಲ್ಲಿ ಯಾರೂ ಹಾಗೆ ಬೈದಿರಲಿಲ್ಲ. ಅಷ್ಟು ಪ್ರೀತಿಯಿಂದಲೂ ಯಾರೂ ಮಾತಾಡಿರಲಿಲ್ಲ. ಅವಳು ತಲೆಯ ಮೇಲಿನ ಕೈ ತೆಗೆದಳು. ಕೊಡ ಬಿತ್ತು, ಚೂರು ಚೂರಾಯಿತು. ಎರಡೂ ಕೈಯಿಂದ ಗಂಟು ಹಿಡಿದಳು. ವರ್ಷಗಟ್ಟಲೆ ಕಟ್ಟಿ ಬಿಚ್ಚಿದ ಕೈ, ಆದರೆ ಮಗಳ ಭಾರಕ್ಕೆ ಬಿಗಿದ ಗಂಟು ಅದಕ್ಕೆ ಬಗ್ಗಲೊಲ್ಲದು. ಉಗುರು ಕಿತ್ತುಬಂತು. ಕೊನೆಗೆ ಗಂಟಿಗೆ ಬಾಯಿ ಹಾಕಿ ಹಲ್ಲಿನಿಂದ ಎಳೆದಳು. ತನ್ನದೇ ಹಳೆಯ ಸೀರೆಯ ಅಂಚು ಬಾಯಲ್ಲಿ ಬಂತು. ಮಗಳು ಕಂಬದಿಂದ ಜಾರಿ, ಒದ್ದೆ ಬಟ್ಟೆಯಂತೆ ತಾಯಿಯ ಮಡಿಲಿಗೆ ಬಿದ್ದಳು. ಮೂಗಿನ ಹತ್ತಿರ ಬೆರಳಿಟ್ಟು ತಾಯಿ ಕಾದಳು. ಉಸಿರು ಬಂತು. ಇಷ್ಟೇ ಇಷ್ಟು, ಆದರೆ ಬಂತು.

ಹಿರಿಯ ಅಲ್ಲಿಂದಲೇ ಚೀರಿದ. "ಸೂರು ಇಳೀತಿದೆ! ಎತ್ತರ ನೋಡಿ, ಎತ್ತರ! ಆನೆ ಬಂದ್ರೆ ಏನ್ ಮಾಡ್ತೀರಿ?"

"ಆನೆ ಬಂದ್ರೆ ಬಗ್ಗಿ ಬರ್ಲಿ!" ಎಂದಳು ತಾಯಿ.

ಆ ಮಾತು ಸಾಲಿನುದ್ದಕ್ಕೂ ಹೋಯಿತು. ಇನ್ನೊಂದು ಗಂಟು ಹಾಕಲು ನಿಂತಿದ್ದ ತಾಯಂದಿರು ಕಂಬ ನೋಡುವುದು ಬಿಟ್ಟು ಮೊದಲ ಸಲ ಮಕ್ಕಳ ಮುಖ ನೋಡಿದರು. ಒಬ್ಬಳು ಬಿಚ್ಚಿದಳು. ಅವಳ ಪಕ್ಕದವಳು ಬಿಚ್ಚಿದಳು. ಒಬ್ಬ ಮಗ ನಿಂತೇ ಇದ್ದ, ಏನೂ ಆಗಿರಲಿಲ್ಲ, ಯಾಕಮ್ಮ ಎಂದು ಕೇಳಿದ. ಇನ್ನೊಬ್ಬ ಬಿಚ್ಚಿದ ಕೂಡಲೇ ಕುಸಿದ. ಮತ್ತೊಬ್ಬಳು ತಾಯಿಯ ಹೆಗಲಿಗೆ ಮುಖವಿಟ್ಟು ಬಿಕ್ಕಿದಳು. ನಮ್ಮ ಮಕ್ಕಳಿಗೆ ಅಂಥದ್ದೆಲ್ಲ ಬರುವುದಿಲ್ಲ ಎಂದು ಹೇಳಿಕೊಂಡು ತಿರುಗಿದ ನಾವು, ನಮ್ಮ ನಮ್ಮ ಮಕ್ಕಳನ್ನು ಎತ್ತಿಕೊಂಡು ನಿಂತೆವು.

ಸೂರು ಇಳಿಯಿತು. ಕಂಬಗಳು ಓರೆಯಾದವು, ಮೇಲಿನ ಮರಳು ಭಾರವಾಗಿ ಒತ್ತಿತು. ಎಲ್ಲರೂ ಸತ್ತೆವೆಂದೇ ತಿಳಿದು ಕಣ್ಣು ಮುಚ್ಚಿಕೊಂಡೆವು. ಸೂರು ಇಳಿದು ಇಳಿದು, ಬಾವಿಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿಯ ತಲೆಯ ಹತ್ತಿರ ಬಂತು. ಅಜ್ಜಿ ಹೆದರಿ ಎರಡೂ ಕೈ ಎತ್ತಿದಳು. ಕೈಗೆ ಬಟ್ಟೆ ಸಿಕ್ಕಿತು. ಹಿಡಿದಳು.

"ಸಿಗ್ತದೆ ಕಣ್ರೋ!" ಎಂದು ಕೂಗಿದಳು. "ಕೈಗೆ ಸಿಗ್ತದೆ!"

ಆಗ ಕೂತು ನೋಡುತ್ತಿದ್ದವರೆಲ್ಲ ಎದ್ದರು. ಮುದುಕರು ಊರುಗೋಲು ಎತ್ತಿ ಆನಿಸಿದರು. ಮಕ್ಕಳು ಜಗಲಿ ಹತ್ತಿ ಅಂಗೈ ಚಾಚಿದರು. ಮೂಡಣದವರು ಬೋರಲು ಹಾಕಿದ ಬುಟ್ಟಿಗಳ ಮೇಲೆ ಹತ್ತಿ ನಿಂತರು. ಸೂರು ಅಲ್ಲಿಗೇ ನಿಂತಿತು, ಕೂತಿದ್ದ ಅಜ್ಜಿಯ ತಲೆಯಿಂದ ಒಂದು ಗೇಣು ಮೇಲೆ. ಗಾಳಿ ಅದರ ಮೇಲೆಯೇ ಹಾದುಹೋಯಿತು. ಅಷ್ಟು ಕೆಳಗಿದ್ದ ಸೂರು ಗಾಳಿಯ ಕೈಗೆ ಸಿಗಲಿಲ್ಲ.

ತಲೆಗಂಬದವನ ತಾಯಿ ಮಾತ್ರ ತನ್ನ ಗಂಟನ್ನು ಬಿಚ್ಚಲಿಲ್ಲ. ಯಾರಿಗೂ ಮುಟ್ಟಲು ಬಿಡಲಿಲ್ಲ. "ಬಿಗಿಯಾಗೇ ಕಟ್ಟಿದ್ದೆ," ಎಂದು ಎಲ್ಲರಿಗೂ ಹೇಳಿದಳು. "ಸಡಿಲ ಇರಲಿಲ್ಲ. ಬಿಗಿಯಾಗೇ ಕಟ್ಟಿದ್ದೆ." ಅವನನ್ನು ಕಂಬದ ಸಮೇತ ಒಯ್ದೆವು. ಗಾಯ ನೋಡುವ ಹಿರಿಯ ಹಿಂದೆ ಹಿಂದೆ ಬಂದ, ತನ್ನ ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತ. ಮತ್ತೆ ಅವನು ಮಣೆಯ ಮೇಲೆ ಕೂರಲಿಲ್ಲ.

ಈಗ ನಮ್ಮ ಊರಿನ ಸೂರು ಗಿಡ್ಡ. ಪರವೂರಿನವರು ಬಂದರೆ ನಗುತ್ತಾರೆ, ನಾವೂ ನಗುತ್ತೇವೆ. ಎತ್ತರದವರು ಬಗ್ಗಿ ನಡೆಯುತ್ತಾರೆ. ಆನೆ ಇನ್ನೂ ಬಂದಿಲ್ಲ. ಮರಳು ಮೊದಲಿನಂತೆಯೇ ಸುರಿಯುತ್ತದೆ, ಒಳಗೂ ಕೆಲವರಿಗೆ ಬೀಳುತ್ತದೆ. ಬಿದ್ದವರು ಕೂರುತ್ತಾರೆ.

ಮಗಳು ಬಹಳ ದಿನ ಕೂತಳು. ಮೂಡಣದವನ ಅತ್ತೆ ಬಂದು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಆ ಹೆಂಗಸಿಗೆ ನಮ್ಮ ಮಾತು ಸಂತೆಯಷ್ಟೂ ಬರುತ್ತಿರಲಿಲ್ಲ, ಬೇಕಾಗಲೂ ಇಲ್ಲ. ತಾಯಿ ಮೊದಮೊದಲು ಒಳಗಿನಿಂದ ಇಣುಕಿ ನೋಡುತ್ತಿದ್ದಳು. ಆಮೇಲೆ ಒಂದು ದಿನ ಅತ್ತೆ ಎದ್ದು ಹೋದ ಜಾಗದಲ್ಲಿ ತಾನೇ ಬಂದು ಕೂತಳು. ಮಗಳ ಬೆನ್ನು ತನ್ನ ಬೆನ್ನಿಗೆ ತಾಗಿದಾಗ, ಇಷ್ಟು ವರ್ಷ ಈ ಬೆನ್ನನ್ನು ತಾನು ಗಂಟು ಹಾಕಲು ಮಾತ್ರ ಮುಟ್ಟಿದ್ದು ಎಂದು ನೆನೆದು ಅತ್ತಳು. ಸದ್ದಿಲ್ಲದೆ ಅತ್ತಳು, ಆದರೆ ಬೆನ್ನಿಗೆ ಗೊತ್ತಾಗಿರಬೇಕು.

ಎಷ್ಟೋ ದಿನದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಜಗಲಿಯ ಮೇಲೆ ಊಟಕ್ಕೆ ಕೂತಿದ್ದರು. ಮಗಳು ಸಾರು ಕಲಸಿ ತುತ್ತು ಬಾಯಿಗಿಟ್ಟಳು. ಅಗಿದಳು. ನಿಲ್ಲಿಸಿದಳು. ಮುಖ ಸ್ವಲ್ಪವೇ ಕಿವುಚಿದಳು.

"ಅಮ್ಮಾ," ಎಂದಳು, "ಉಪ್ಪು ಕಡಿಮೆ."

ತಾಯಿ ಮಗಳ ಮುಖವನ್ನೇ ನೋಡಿದಳು. "ಏನಂದೆ?"

"ಉಪ್ಪು ಕಡಿಮೆ ಅಂದೆ. ಎಷ್ಟು ಸಪ್ಪೆ ಮಾಡಿದ್ದೀಯಮ್ಮ."

ಉಪ್ಪಿನ ಮರಿಗೆ ತರಲು ತಾಯಿ ದಡಬಡಿಸಿ ಎದ್ದಳು. ಬಗ್ಗಬೇಕೆಂಬುದು ಮರೆತೇಹೋಯಿತು, ತಲೆ ಹೋಗಿ ಸೂರಿಗೆ ತಾಗಿತು. ತಾಗಿದ ಕಡೆ ಹಾಗೇ ನಿಂತು, ತಲೆಯ ಮೇಲೆ ಅಷ್ಟು ಸೂರನ್ನು ಹೊತ್ತುಕೊಂಡು, ಬಾಯಿಗೆ ಸೆರಗು ಒತ್ತಿ ಅವಳು ನಗುತ್ತಲೇ ಇದ್ದಳು.